ಅಟ್ಟದ ಪೀಪಾಯಿ, ಪಟ್ಟಿಯ ಕಾರು

ನೋರ್ಮಾ: ನನ್ನ ಗಾಡೀನ ಕೋಳಿಗೂಡಿನ ಹಿಂದೆ ಬಚ್ಚಿಟ್ಟವನು ನೀನೇ ತಾನೆ?

ಓರೆಸ್ತೆ: ಬಚ್ಚಿಡಲಿಲ್ಲ ಮಾರಾಯ್ತಿ. ನೆರಳಲ್ಲಿ ನಿಲ್ಲಿಸಿದೆ.

ನೋರ್ಮಾ: ಹದಿನೆಂಟು ವರ್ಷ ಬಿಸಿಲಲ್ಲಿ ಬೆಂದ ಗಾಡಿಗೆ ಇವತ್ತು ನೆರಳಾ? ಮೇಲೆ ಬೇರೆ ಹುಲ್ಲು ಹೊದಿಸಿದ್ದೀಯ!

ಓರೆಸ್ತೆ: ಕಂಪನಿಯವರು ಬರ್ತಿದ್ದಾರೆ ಕಣೇ. ಅಂಗಳದಲ್ಲಿ ಏನೇನು ನಿಂತಿದೆ ಅಂತ ನೋಡ್ತಾರಂತೆ.

ಮೊದೆನಾ ಪಟ್ಟಣದ ಹೊರಗೆ, ದ್ರಾಕ್ಷಿತೋಟದ ನಡುವಿನ ಮನೆ. ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ. ನೋರ್ಮಾ ಅಡುಗೆಮನೆಯಲ್ಲಿ ಕೂತು, ಹಿಟ್ಟಿನ ತೆಳು ಹಾಳೆಗೆ ಮಾಂಸದ ಹೂರಣವಿಟ್ಟು, ಬೆರಳ ತುದಿಯಲ್ಲಿ ಸುತ್ತಿ ಸುತ್ತಿ ತೊರ್ತೆಲ್ಲಿನಿ ಮಾಡುತ್ತಿದ್ದಳು. ಅವಳ ಗಂಡ ಓರೆಸ್ತೆ ಮೂವತ್ತು ವರ್ಷ ಬಚ್ಚಲುಮನೆಯ ಟೈಲ್ಸ್ ಮಾಡಿ ಮಾರಿ ದುಡ್ಡು ಕಂಡವನು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನೆ ಎನ್ನುತ್ತಾರೆ. ಇವನು ಅಷ್ಟು ಹೊತ್ತೂ ಕಾಯದೆ ಹಗಲಲ್ಲೇ ಹಿಡಿದಿದ್ದಾನೆ ಎಂಬುದು ನೋರ್ಮಾಳ ಅಭಿಪ್ರಾಯ.

ನೋರ್ಮಾ: ಕೊಳ್ಳೋನು ನೀನು, ಮಾರೋನು ಅವನು. ಅವನ್ಯಾಕೆ ಬಂದು ನಮ್ಮ ಅಂಗಳ ನೋಡ್ಬೇಕು? ಹೆಣ್ಣು ನೋಡೋಕೆ ಬರ್ತಿದ್ದಾನಾ?

ಓರೆಸ್ತೆ: ಇದು ಅಂಗಡೀಲಿ ಸಿಗೋ ಕಾರಲ್ಲ. ಗ್ರಿಫೋನೆ ಕಂಪನಿಯವರು ಈ ವರ್ಷ ಎರಡು ಹೊಸದು ಬಿಟ್ಟಿದ್ದಾರೆ. ಒಂದು ವೇಗದ್ದು, ದುಡ್ಡಿರೋ ಯಾರಿಗಾದ್ರೂ ಸಿಗತ್ತೆ. ಇನ್ನೊಂದು ಅದಕ್ಕಿಂತ ವೇಗದ್ದು, ಪ್ರಪಂಚಕ್ಕೆಲ್ಲ ತೊಂಬತ್ತೊಂಬತ್ತೇ. ಅದಕ್ಕೆ ಯೋಗ್ಯತೆ ಬೇಕು. ಪತ್ರ ಬರೆದು ಅವರ ಪಟ್ಟೀಲಿ ಹೆಸರು ಹಾಕಿಸ್ಬೇಕು, ಸಿಕ್ಕ ಮೇಲೆ ಎರಡು ವರ್ಷ ಯಾರಿಗೂ ಮಾರಬಾರದು.

ನೋರ್ಮಾ: ಎಷ್ಟು ವೇಗ?

ಓರೆಸ್ತೆ: ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಎರಡೂವರೆ ಸೆಕೆಂಡು!

ನೋರ್ಮಾ: ಎರಡೂವರೆ ಸೆಕೆಂಡಿಗೆ ನಮ್ಮ ಗೇಟು ಬರತ್ತೆ. ಆಮೇಲೆ ಪಕ್ಕದ ಮನೆಯವರ ಟ್ರ್ಯಾಕ್ಟರ್ ಹಿಂದೆ ತೆವಳ್ತಾ ಹೋಗು.

ಓರೆಸ್ತೆ: ನಿನಗೆ ಗೊತ್ತಾಗಲ್ಲ. ಹೋದ ಸಲದ ಎರಡು ಕಾರು ತಗೊಂಡಿದ್ದೇ ಇದಕ್ಕೋಸ್ಕರ.

ನೋರ್ಮಾ: ಆ ಕಪ್ಪೆ ಮುಖದ್ದನ್ನೂನಾ?

ಓರೆಸ್ತೆ: ಅದನ್ನ ಯಾರೂ ತಗೊಳ್ತಿರಲಿಲ್ಲ. ಅದು ತಗೊಂಡ್ರೇ ಇದಕ್ಕೆ ಅರ್ಜಿ ಹಾಕೋಕೆ ಬಿಡ್ತಾರೆ.

ನೋರ್ಮಾ: ಎರಡೂ ಕಂಬಳಿ ಹೊದ್ದು ಕೊಟ್ಟಿಗೇಲಿ ಮಲಗಿವೆ. ನಮ್ಮಪ್ಪ ಅಲ್ಲಿ ಹಸು ಕಟ್ತಿದ್ದ. ಅವು ಹಾಲಾದ್ರೂ ಕೊಡ್ತಿದ್ವು.

ಓರೆಸ್ತೆ: ಓಡಿಸಿದ್ರೆ ಬೆಲೆ ಇಳಿಯತ್ತೆ ಕಣೇ!

ಅಷ್ಟರಲ್ಲಿ ಅಂಗಳದ ಜಲ್ಲಿಕಲ್ಲು ಕರಕರ ಎಂದಿತು. ಒಳಗೆ ಬಂದವನು ಕಂಪನಿಯ ಬರಾಲ್ದಿ: ನೀಲಿ ಸೂಟು, ಕಾಲ್ಚೀಲವಿಲ್ಲದ ಪಾದಕ್ಕೆ ಮಿರಿಮಿರಿ ಬೂಟು. ಪರದೆ ನೋಡಿದ, ಗೋಡೆ ನೋಡಿದ, ಹಿಟ್ಟಿನ ಕೈಯ ನೋರ್ಮಾಳನ್ನು ನೋಡಿ ಏನನ್ನೋ ಬರೆದುಕೊಂಡ. ಓರೆಸ್ತೆ ಕುರ್ಚಿ ಒರೆಸಿ ಕೊಟ್ಟ. ಕೂಲಿಗಳ ಮುಷ್ಕರಕ್ಕೂ ಬಗ್ಗದಿದ್ದ ಬೆನ್ನು ಈಗ ಬಾಗುವುದನ್ನು ಕಂಡು ನೋರ್ಮಾಳಿಗೆ ಮೈ ಉರಿಯಿತು.

ಬರಾಲ್ದಿ: ಈ ಗಾಡೀಲಿ ತೂಕ ಇಳಿಸೋದೇ ನಮ್ಮ ಸಾಧನೆ ಅಮ್ಮ. ರೇಡಿಯೊ ತೆಗೆದಿದ್ದೇವೆ. ಏಸಿ ತೆಗೆದಿದ್ದೇವೆ. ಬಾಗಿಲಿಗೆ ಹಿಡಿ ಇಲ್ಲ, ಒಂದು ಬಟ್ಟೆಯ ಪಟ್ಟಿ ಇದೆ.

ನೋರ್ಮಾ: ಇಷ್ಟೆಲ್ಲ ತೆಗೆದ ಮೇಲೆ ಬೆಲೆ ಇಳಿಸಿದ್ರಾ?

ಬರಾಲ್ದಿ: ಏರಿಸಿದ್ದೇವೆ.

ನೋರ್ಮಾ: ಚಕ್ರವನ್ನೂ ತೆಗೆದುಬಿಡಿ. ಇನ್ನೂ ಏರಿಸಬಹುದು.

ಓರೆಸ್ತೆ: ಅವಳು ತಮಾಷೆ ಮಾಡ್ತಾಳೆ ಸಾಹೇಬ್ರೇ! ತುಂಬಾ ತಮಾಷೆಯವಳು.

ಬರಾಲ್ದಿ: ಇರಲಿ. ಅಂದಹಾಗೆ, ನೀವು ಫೋನಲ್ಲಿ ಹೇಳಿದ ಪೀಪಾಯಿ?

ನೋರ್ಮಾ: ಯಾವ ಪೀಪಾಯಿ?

ಓರೆಸ್ತೆ ಛಾವಣಿಯ ತೊಲೆಗಳನ್ನು ಎಣಿಸತೊಡಗಿದ. ನೋರ್ಮಾ ಎದ್ದು ಹಜಾರಕ್ಕೆ ಹೋದಳು, ಗಂಡಸರಿಬ್ಬರೂ ಹಿಂದೆ ಬಂದರು. ಸೋಫಾದ ಹಿಂದೆ, ಕೆಂಪು ರಿಬ್ಬನ್ ಕಟ್ಟಿಸಿಕೊಂಡು, ಅಟ್ಟದಲ್ಲಿ ವರ್ಷಗಟ್ಟಲೆ ಮಾಗುವ ವಿನೆಗರಿನ ಐದು ಪೀಪಾಯಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಕೂತಿತ್ತು. ಅವಳು ಮಾಂಸ ತರಲು ಹೋದಾಗ ಇಳಿಸಿದ್ದಾನೆ.

ನೋರ್ಮಾ: ಇದು ಮಗಳದ್ದು, ನೊಯೆಮಿದು! ಅವಳು ಹುಟ್ಟಿದ ವರ್ಷ ನಮ್ಮಮ್ಮನ ಜೊತೆ ನಿಂತು ದ್ರಾಕ್ಷಿರಸ ಕಾಯಿಸಿ ತುಂಬಿದ್ದೆ. ಸೆಪ್ಟೆಂಬರಲ್ಲಿ ಅವಳ ಜೊತೆ ಗಂಡನ ಮನೆಗೆ ಹೋಗ್ಬೇಕಾದ್ದು.

ಓರೆಸ್ತೆ: ಇನ್ನೂ ನಾಲ್ಕು ಇವೆಯಲ್ಲ. ದೊಡ್ಡವೆಲ್ಲ ಅವಳಿಗೇ ಬಿಟ್ಟಿದ್ದೀನಿ. ಚಿಕ್ಕದು ಒಂದೇ...

ನೋರ್ಮಾ: ಅಯ್ಯೋ ಪೆದ್ದೇ! ವರ್ಷಾ ವರ್ಷ ದೊಡ್ಡದರಿಂದ ಚಿಕ್ಕದಕ್ಕೆ ಬಗ್ಗಿಸ್ತಾ ಬಗ್ಗಿಸ್ತಾ, ಇಪ್ಪತ್ತಾರು ವರ್ಷ ಬಂದು ಕೂತಿರೋದೇ ಇದರಲ್ಲಿ. ಟೈಲ್ಸ್ ಅಳೆದೂ ಅಳೆದೂ ನಿನ್ನ ತಲೆಗೆ ಉದ್ದ ಅಗಲ ಬಿಟ್ಟು ಬೇರೇನೂ ಹೋಗಲ್ಲ!

ಅವಳ ಕಣ್ಣು ತುಂಬಿತು. ಸೂಟಿನವನ ಮುಂದೆ ಅಳುವುದುಂಟೇ? ಮೂಗು ಒರೆಸಿಕೊಂಡು, ಪೀಪಾಯಿಯ ಮೇಲೆ ಒಂದು ಕೈ ಇಟ್ಟು, ಬಂದವನ ಕಡೆ ತಿರುಗಿದಳು.

ನೋರ್ಮಾ: ನಿಮಗೆ ಇದು ಬೇಕೇ ಬೇಕಾ ಸಾಹೇಬ್ರೇ?

ಬರಾಲ್ದಿ: ಬೇಕೇ ಬೇಕಮ್ಮ. ಇಂಥದ್ದು ತರದೆ ಮನೆಗೆ ಕಾಲಿಡಬೇಡ ಅಂತ ನಮ್ಮತ್ತೆ ಹೇಳಿದ್ದಾರೆ.

ನೋರ್ಮಾ: ಹಾಗಾದ್ರೆ ಕೇಳಿ. ಇದು ಅಂಗಡೀಲಿ ಸಿಗೋ ವಿನೆಗರ್ ಅಲ್ಲ. ಮೊದಲು ನೀವು ನನ್ನ ಪ್ಲಮ್ ಜಾಮ್ ತಗೋಬೇಕು. ಹೋದ ವರ್ಷದ್ದು, ತಳ ಹತ್ತಿದ್ದು. ಆರು ಸೀಸೆ.

ಬರಾಲ್ದಿ: ತಳ ಹತ್ತಿದ್ದೇ ಯಾಕೆ?

ನೋರ್ಮಾ: ಅದು ಯಾರಿಗೂ ಬೇಡ, ಅದಕ್ಕೆ.

ಈಗ ಹೊರಟೇ ಹೋಗುತ್ತಾನೆ ಎಂದುಕೊಂಡಳು. ಅವನು ಪೆನ್ನಿನ ಮುಚ್ಚಳ ತೆಗೆದ.

ಬರಾಲ್ದಿ: ಆರು ಸೀಸೆ. ಸರಿ. ಮುಂದೆ?

ನೋರ್ಮಾ: ಈ ವಿನೆಗರಿಗೆ ನೀವು ಹೇಗೆ ಯೋಗ್ಯರು ಅಂತ ಪತ್ರ ಬರೀಬೇಕು.

ಬರಾಲ್ದಿ: ಒಂದು ಪುಟ ಸಾಕಾ?

ನೋರ್ಮಾ: ಎರಡು. ಆಮೇಲೆ, ಎರಡು ವರ್ಷ ಯಾರಿಗೂ ಮಾರಬಾರದು. ರುಚಿಯಂತೂ ನೋಡ್ಲೇಬಾರದು.

ಬರಾಲ್ದಿ: ಸಹಜ, ಸಹಜ.

ನೋರ್ಮಾ: ನಾನು ಬಂದು ನಿಮ್ಮ ಅಡುಗೆಮನೆ ಪರೀಕ್ಷೆ ಮಾಡ್ತೀನಿ.

ಬರಾಲ್ದಿ: ಮಂಗಳವಾರ ಬೇಡಮ್ಮ, ಶುಕ್ರವಾರ ಬನ್ನಿ. ಗೋಡೆಗೆ ಬಣ್ಣ ಹೊಡೆಸ್ಬೇಕು.

ಓರೆಸ್ತೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಮೆಲ್ಲಗೆ ಹೆಂಡತಿಯ ಪಕ್ಕಕ್ಕೆ ಸರಿದ.

ಓರೆಸ್ತೆ: ನೋರ್ಮಾ, ಅವನ ಮುಂದೆ ನಾನೂ ಹೀಗೇ ಕಾಣ್ತೀನಾ?

ನೋರ್ಮಾ: ಇಲ್ಲಪ್ಪ. ಅವನ ಸೂಟು ಚೆನ್ನಾಗಿದೆ.

ಬರಾಲ್ದಿ: ಅಮ್ಮ, ನಿಮ್ಮ ಪಟ್ಟೀಲಿ ನನ್ನದು ಎಷ್ಟನೇ ಹೆಸರು?

ನೋರ್ಮಾ: ಇಪ್ಪತ್ತೇಳು.

ಬರಾಲ್ದಿ: ಇಪ್ಪತ್ತೇಳೇ? ಇಷ್ಟು ಹತ್ತಿರಾನಾ? ತುಂಬಾ ಉಪಕಾರ ಆಯ್ತು!

ಆರು ಸೀಸೆ ಜಾಮನ್ನು ಎದೆಗವಚಿಕೊಂಡು ಅವನು ಹೊರಟ. ಓರೆಸ್ತೆಯ ವಿಷಯವನ್ನು ಮೇಲಿನವರ ಮುಂದೆ ಇಡುತ್ತೇನೆ ಎಂದು ಬಾಗಿಲಲ್ಲಿ ಹೇಳಿದ, ಅದೂ ಬೆನ್ನು ಹಾಕಿಕೊಂಡೇ. ನೋರ್ಮಾ ರಿಬ್ಬನ್ ಕಿತ್ತೆಸೆದು, ಮಗುವನ್ನು ಎತ್ತಿಕೊಂಡಂತೆ ಪೀಪಾಯಿಯನ್ನು ಸೊಂಟಕ್ಕೇರಿಸಿ ಮೆಟ್ಟಿಲು ಹತ್ತಿದಳು. ಓರೆಸ್ತೆ ಹಿಂದಿನಿಂದ ಬಂದ.

ಓರೆಸ್ತೆ: ಅವನಿಗಿಂತ ಮುಂದೆ ಇಪ್ಪತ್ತಾರು ಜನ ಯಾರೇ? ನನಗೆ ಹೇಳ್ಲೇ ಇಲ್ಲ.

ನೋರ್ಮಾ: ಯಾರೂ ಇಲ್ಲ.

ಓರೆಸ್ತೆ: ಯಾರೂ ಇಲ್ವಾ? ಮತ್ತೆ ಅಷ್ಟು ಖುಷಿಪಟ್ಟನಲ್ಲ!

ನೋರ್ಮಾ: ಪಟ್ಟಿ ಅಂದ್ರೆ ಸಾಕು, ಕತ್ತೆಗಳು ತಾವಾಗೇ ಸಾಲು ನಿಲ್ತವೆ. ಅದಿರಲಿ, ಮಗಳ ಪಾಲು ಹೊತ್ತು ಕೊಡೋಕೆ ಹೊರಟಿದ್ದೆಯಲ್ಲ, ಅವರ ಪಟ್ಟೀಲಿ ನಿನ್ನದೆಷ್ಟು?

ಓರೆಸ್ತೆ ಎರಡು ಮೆಟ್ಟಿಲು ಹತ್ತಿ, ಗೋಡೆಗೆ ಒರಗಿ ನಿಂತ.

ಓರೆಸ್ತೆ: ನೂರ ಮೂರು.

ನೋರ್ಮಾ: ಇರೋ ಕಾರು ತೊಂಬತ್ತೊಂಬತ್ತು!

ಓರೆಸ್ತೆ: ಹೌದು ಕಣೇ. ಆದ್ರೆ ಮುಂದಿರೋರಲ್ಲಿ ನಾಲ್ಕು ಜನ ತೀರಾ ವಯಸ್ಸಾದವರಂತೆ.

ನೋರ್ಮಾ ಅಟ್ಟದೊಳಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.