ಬಾಗಿಲಾ, ಬಾಸ್ ಗಿಟಾರ, ಮತ್ತ ನಮ್ಮ ನೆಗೆಣ್ಣಿ

ಇಳಕಲ್ಲಿನ ನಮ್ಮ ಮನ್ಯಾಗ ಮೊದಲ ಮಗ್ಗದ ಸಪ್ಪಳ ಇತ್ತು. ಈಗ ಆ ಮಗ್ಗದ ಕೋಣ್ಯಾಗ, ಬಡಿಗತನ ಕಲಿತ ನನ್ನ ಮೊಮ್ಮಗ ಬಾಸ್ ಗಿಟಾರ ಮಾಡ್ತಾನ. ನಾಲ್ಕು ದಪ್ಪ ತಂತಿ, ಕರೆಂಟಿನ ಮ್ಯಾಲೆ ನುಡಿಯೋ ವಾದ್ಯ. ಅಂವ ಅದಕ್ಕ ಕೈ ಹಚ್ಚಿದಾಗಿಂದ ನಗೂದಕ್ಕ ನಮಗ ಬ್ಯಾರೆ ಏನೂ ಬೇಕಾಗಿಲ್ಲ.

೧. ಹೆಣ್ಣು ನೋಡಾಕ ಹೋದದ್ದು

ಅವಗ ಹೆಣ್ಣು ನೋಡಾಕ ಅಮೀನಗಡಕ್ಕ ಹೋಗಿದ್ವಿ. ಹುಡುಗಿ ಚಾ ತಂದ್ಲು. ಇಂವ ನೋಡಿದ್ರ ಅವರ ಹಳೇ ಸಾಗವಾನಿ ಬಾಗಿಲಕ್ಕ ಕಿವಿ ಹಚ್ಚಿ, ಬೆರಳಿಂದ ಬಡದು ಬಡದು ಕೇಳಾಕ ಹತ್ಯಾನ. ಗಿಟಾರಿನ ಒಡಲಿಗೆ ಇಂಥಾ ಒಣಗಿದ ಕಟ್ಟಿಗೀನ ಬೇಕಂತ. ಬಾಗಿಲಾ ಕೊಡ್ತೀರೇನ್ರಿ ಅಂತ ಕೇಳೇಬಿಟ್ಟ.

ಹುಡುಗಿ ಅಪ್ಪ ಕಪ್ಪು ಕೆಳಗಿಟ್ಟ. ನೀ ಮಾಡಿದ ಗಿಟಾರ ಒಬ್ಬರರ ಕೊಂಡು ಒಯ್ಯಲಿ, ಅಲ್ಲೀತನಕ ಲಗ್ನದ ಮಾತಿಲ್ಲ ಅಂದ. ಆಮ್ಯಾಲ ನನ್ನ ಕಡೆ ತಿರುಗಿ, "ಹುಡುಗಿನ್ನ ಒಂದ್ ವ್ಯಾಳ್ಯಾ ಕೊಟ್ಟೇವ್ರಿ ಆಯಿ, ಬಾಗಿಲಾ ಅಂತೂ ಕೊಡಂಗಿಲ್ಲ" ಅಂದ.

೨. ಒಡಲು

ಕಡೀಕೆ ಹುನಗುಂದದಾಗ ಬಿಚ್ಚಿದ ಮನೀದೊಂದು ಹಲಗಿ ಸಿಕ್ತು. ಅದರಾಗ ಮಾಡಿದ ಗಿಟಾರ ನೋಡಾಕ ಬಾಗಲಕೋಟಿಯಿಂದ ಆರ್ಕೆಸ್ಟ್ರಾದಾಗ ಬಾರಿಸಾಂವ ಒಬ್ಬ ಬಂದ. ಹೆಗಲಿಗೆ ಹಾಕ್ಕೊಂಡಾಂವ ತುಂಬಿದ ಕೊಡ ಹೊತ್ತಾಂಗ ಒಂದ ಕಡೆ ವಾಲಿದ. ಭಾರ ಇಳಸ್ರಿ, ಮತ್ತ ಬರ್ತೇನಿ ಅಂತ ಹೋದ.

ಮೊಮ್ಮಗ ಉಳಿ ಹಿಡದು ಒಡಲೊಳಗ ಪೊಳ್ಳು ತಗದ, ಮ್ಯಾಲೊಂದು ತೆಳು ಹಲಗಿ ಅಂಟಿಸಿದ. ಬಾಜೂ ಮನಿ ನೇಕಾರ ಬಂದು ಒಳಗೇನಿಟ್ಟಿ ಅಂತ ಕೇಳಿದ. ಏನೂ ಇಟ್ಟಿಲ್ಲ ಕಾಕಾ ಅಂದ ಇಂವ.

"ಹಂಗಾರ ಮುಚ್ಚಳ ಯಾಕ ಹಾಕಿದಿಲೇ?"

೩. ನೆಗೆಣ್ಣಿ ಕೈಕೆಲಸ

ಗಿಟಾರಿನ ತಂತಿ ಕೆಳಗ ಪಿಕಪ್ ಅಂತ ಕುಂದರಸ್ತಾರ. ಆಯಸ್ಕಾಂತದ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸುತ್ತಿರತೈತಿ. ಸಪ್ಪಳಾ ಹಿಡಿಯೂದು ಅದ. ಕುತ್ತಿಗಿ ಕಡೆ ಇಟ್ರ ದಪ್ಪ ದನಿ, ಹಿಂದಿಟ್ರ ಚೂಪ ದನಿ. ಯಾವುದಿರಲಿ ಅಂತ ತಿಳೀಲಾರದ ಮೊಮ್ಮಗ ಎರಡೂ ಹಾಕಿದ. ಮುಂದಿಂದು ತಾನ ಸುತ್ತಿದ, ಹಿಂದಿಂದು ನಮ್ಮ ನೆಗೆಣ್ಣಿಗೆ, ಅಂದ್ರ ನನ್ನ ಮೈದುನನ ಹೆಂಡ್ತಿಗೆ, ಸುತ್ತಾಕ ಕೊಟ್ಟ. ಆಕಿ ಜನ್ಮಾಪೂರ್ತಿ ಮಗ್ಗಕ್ಕ ನೂಲು ಸುತ್ತಿದಾಕಿ.

ಬಾಗಲಕೋಟ್ಯಾಂವ ಮತ್ತ ಬಂದ. ಬಾರಿಸಿದ್ರ ಮುಂದಿಂದು ಗುಂಯ್ ಅಂತು, ಹಿಂದಿಂದು ಪಿಟ್ ಅನ್ನಲಿಲ್ಲ. ಮೊಮ್ಮಗನ ಮಾರಿ ಇಳೀತು. ಸುತ್ತೂವಾಗ ತಂತಿ ಏನರ ಹರದಿತ್ತೇನು ಅಂತ ನೆಗೆಣ್ಣಿನ್ನ ಕೇಳಿದ.

"ಹರದ್ರ ನಾ ಬಿಡತೇನೇನು? ಎಂಜಲಾ ಹಚ್ಚಿ ಗಂಟ ಹಾಕೇನಿ. ಎಲ್ಲೈತಿ ಹುಡುಕು ನೋಡೂಣು."

ಆ ತಂತಿಗೆ ವಾರ್ನೀಸ್ ಬಳದಿರತಾರಂತ, ಅದನ್ನ ಕೆರೀಲಾರದ ಬರೇ ಗಂಟು ಹಾಕಿದ್ರ ಕರೆಂಟ್ ದಾಟಂಗಿಲ್ಲಂತ. ಮೊಮ್ಮಗ ತಲಿ ಮ್ಯಾಲೆ ಕೈ ಹೊತ್ತು ಕುಂತ. ಬಾರಿಸಾಂವ ಮಾತ್ರ ಕಣ್ಣು ಮುಚ್ಚಿ ಬಾರಿಸ್ಕೋತನ ಇದ್ದ. ನನಗ ಬೇಕಾದ ದನಿ ಇದ, ಹಿಂದಿಂದರ ರಿಪೇರಿನೂ ಬ್ಯಾಡ ಅಂತ ಆವತ್ತ ಕೊಂಡು ಒಯ್ದ. ಸುದ್ದಿ ಮುಟ್ಟಿದ ಮ್ಯಾಲೆ ಅಮೀನಗಡದವರು ಲಗ್ನಕ್ಕ ಹೂಂ ಅಂದ್ರು.

ಈಗ ನೆಗೆಣ್ಣಿ ಓಣಿ ತುಂಬ ಹೇಳ್ಕೋತ ತಿರಗ್ತಾಳ: "ನಾ ಸುತ್ತಿದ್ದು ನಡುವ ಬಾಯಿ ಹಾಕಲಿಲ್ಲ, ಅದಕ್ಕ ಹುಡುಗನ ಲಗ್ನ ಕೂಡ್ತು."