ಲಿಫ್ಟಿನ ಬೀಗವೂ ಧಾರೆಯ ಗಿಂಡಿಯೂ

ಠಾಕುರ್ಲಿಯ ಶುಭಾಂಗಣ ಮದುವೆ ಸಭಾಗೃಹದ ಮಾಲಕರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ನೌಪಾಡಾದಲ್ಲಿ ಮೂವತ್ತೊಂದು ವರ್ಷಗಳಿಂದ ಸಣ್ಣ ವೆಜ್ ಹೋಟೆಲು ನಡೆಸುತ್ತ, ಎರಡನೇ ಸಲದ ಸಾಂಬಾರಿಗೆ ಕಾಸು ಕೇಳಲು ತಿಳಿಯದ ದಡ್ಡನಾದ ನಾನು, ವ್ಯಾಪಾರವೆಂದರೇನೆಂದು ಕಳೆದ ಭಾನುವಾರ ತಮ್ಮಲ್ಲಿ ಮಗಳು ಅಶ್ಮಿತಾಳ ಮದುವೆ ಮಾಡಿ ಕಲಿತೆನಾದ್ದರಿಂದ, ಮೊದಲಿಗೆ ಗುರುಕಾಣಿಕೆಯಾಗಿ ಸಾಷ್ಟಾಂಗ ನಮಸ್ಕಾರಗಳು.

ಸಭಾಗೃಹಕ್ಕೆ ಬಾಡಿಗೆ ಬೇರೆ, ಅದರೊಳಗೆ ಫ್ಯಾನು ತಿರುಗುವುದಕ್ಕೆ ಬೇರೆ, ಬಾಳೆಲೆಯಲ್ಲಿ ಉಂಡರೆ ಎಲೆ ಎತ್ತುವುದಕ್ಕೆ ಬೇರೆ, ಮದುಮಗಳ ಕೋಣೆಯ ಕನ್ನಡಿಗೂ ಬೇರೆ. ಎಲ್ಲವೂ ಐಚ್ಛಿಕ, ಒತ್ತಾಯ ಎಳ್ಳಷ್ಟೂ ಇಲ್ಲ; ಬೆವರುತ್ತ ಮದುವೆಯಾಗುವ ಸ್ವಾತಂತ್ರ್ಯವನ್ನು ತಾವು ಪುಕ್ಕಟೆ ಕೊಟ್ಟಿದ್ದೀರಿ.

ಆ ಪಟ್ಟಿಯಲ್ಲಿ ‘ಲಿಫ್ಟು’ ಎಂಬುದರ ಮುಂದೆ ‘ಬೇಡ’ ಎಂದು ಗುರುತು ಹಾಕಿದವನು ನಾನೇ, ಒಪ್ಪುತ್ತೇನೆ. ಸೊಂಟದ ಆಪರೇಷನ್ ಆಗಿ ಖಾರಘರದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದ ಅಮ್ಮನಿಗೆ ಡಾಕ್ಟರು ಪ್ರಯಾಣ ಕೂಡದೆಂದಿದ್ದರು. ಮೊಮ್ಮಗಳ ಧಾರೆಯೆಂದ ಮೇಲೆ ಅವಳು ಯಾವ ಡಾಕ್ಟರ ಮಾತು ಕೇಳಿಯಾಳು? ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ಕಾರಿನಿಂದ ಇಳಿದೇಬಿಟ್ಟಳು. ಮಂಟಪ ಎರಡನೇ ಮಾಳಿಗೆಯಲ್ಲಿ, ಲಿಫ್ಟಿಗೆ ಬೀಗ. ಎರಡು ಪಟ್ಟು ಕೊಡುತ್ತೇನೆಂದು ಕೈಮುಗಿದರೂ ತಮ್ಮ ಮ್ಯಾನೇಜರ್ ಮನೀಶರು ಕಂಪ್ಯೂಟರಿನಿಂದ ತಲೆಯೆತ್ತದೆ, “ಅಂಕಲ್, ಆಪ್ಷನ್ ಕಲ್ ಶಾಮ್ ಕೋ ಬಂದ್ ಹೋ ಗಯಾ” ಎಂದರು; ಲಿಫ್ಟು ಬೇಕೆನ್ನುವ ಗಡುವು ಹಿಂದಿನ ಸಂಜೆಗೇ ಮುಗಿದಿತ್ತಂತೆ. ಅಂಥ ಸೊಂಟದವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವ ಧೈರ್ಯ ನಮಗಾಗಲಿಲ್ಲ.

ಧಾರೆಗೆ ಮೊದಲು ಗಿಂಡಿಯನ್ನು ಹಿರಿಯರೆಲ್ಲ ಮುಟ್ಟಿ ಹರಸುವುದು ನಮ್ಮ ಕ್ರಮ. ನನ್ನ ಮಗ ಸುಜನ್ ಗಿಂಡಿಯನ್ನು ಕೆಳಗೆ ತಂದ. ಅಮ್ಮ ಮುಟ್ಟಿ, “ಆಯ್ತು ಮಗಾ, ಬೇಗ ಕೊಂಡೋಗು, ಹೊತ್ತು ಮೀರ್ತದೆ” ಎಂದಳು. ಮೇಲೆ ವಾಲಗ ಜೋರಾದಾಗ ಕೂತಲ್ಲಿಂದಲೇ ಮೆಟ್ಟಿಲಿಗೆ ಅಕ್ಕಿಕಾಳು ಹಾಕಿದಳು. ಮೊಮ್ಮಗಳ ಮದುವೆಯನ್ನು ಅವಳು ನೋಡಲಿಲ್ಲ.

ತಮ್ಮ ಬಿಲ್ಲಿನ ಕೊನೆಯಲ್ಲಿ ‘ಮೆಟ್ಟಿಲ ಅಕ್ಕಿ ಗುಡಿಸಿದ್ದು, ಇನ್ನೂರೈವತ್ತು’ ಎಂಬ ಸಾಲು ಕಂಡು ತಮ್ಮ ಮೇಲಿನ ಭಕ್ತಿ ಇಮ್ಮಡಿಸಿತು. ಆದಕಾರಣ ನಮ್ರ ವಿನಂತಿ: ಕಳೆದುಹೋದ ಮುಹೂರ್ತವನ್ನು ಲಿಫ್ಟ್ ಸಹಿತ ಇನ್ನೊಮ್ಮೆ ನಡೆಸಿಕೊಡುವ ಸೇವೆಯನ್ನೂ ಪಟ್ಟಿಗೆ ಸೇರಿಸಿ, ದರ ತಿಳಿಸತಕ್ಕದ್ದು. ಹೋಟೆಲು ಮಾರಿಯಾದರೂ ಕಟ್ಟುತ್ತೇನೆ.

ತಮ್ಮ ವಿಶ್ವಾಸಿ,
ಗುಣಪಾಲ ಶೆಟ್ಟಿ

ವಿ.ಸೂ.: ಅಮ್ಮ ಕೂತ ಕುರ್ಚಿಗೆ ಬಾಡಿಗೆ ಹಾಕಲು ಮರೆತಿದ್ದೀರಿ. ಅದು ತಮ್ಮದಲ್ಲ, ವಾಚ್‌ಮನ್ ಅನಿಲಕುಮಾರ ಮನೆಯಿಂದ ತಂದುಕೊಂಡದ್ದು. ಅವಳನ್ನು ಕೂರಿಸಿ ಅವನು ಎರಡು ಗಂಟೆ ನಿಂತೇ ಇದ್ದ, ಕೊಟ್ಟ ನೋಟನ್ನೂ ಮುಟ್ಟಲಿಲ್ಲ. ಇಂಥವನನ್ನು ತಾವು ಹೆಚ್ಚು ದಿನ ಇಟ್ಟುಕೊಳ್ಳಲಾರಿರಿ. ಬಿಡಿಸಿದ ದಿನ ನೌಪಾಡಾಕ್ಕೆ ಕಳಿಸಿಕೊಡಿ, ನನ್ನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸುತ್ತೇನೆ.