ಮಿಂಚುಮಲ್ಲನ ಮೊದಲನೇ ಸಂಚಿಕೆ

ವೃಂದಾ ಪುಸ್ತಕ ತೆರೆದಳೆಂದರೆ ಆಕಳಿಸುತ್ತಿದ್ದಳು, ಮುಚ್ಚಿದಳೆಂದರೆ ನಗುತ್ತಿದ್ದಳು. ವಯಸ್ಸು ಏಳು, ಎರಡನೇ ಇಯತ್ತೆ, ಮಾತಿನಲ್ಲಿ ವಕೀಲೆ; ಅಕ್ಷರ ಕಂಡರೆ ಮಾತ್ರ ಮೂಕಿ. ಈ ಚಿಂತೆಯಲ್ಲಿ ಅವಳ ತಾಯಿ ಸುಲೋಚನೆಗೆ ನಿದ್ರಾಹಾರಗಳು ರುಚಿಸುತ್ತಿರಲಿಲ್ಲ. (ಆಹಾರ ಅಷ್ಟಿಷ್ಟು ರುಚಿಸುತ್ತಿತ್ತು, ಸುಳ್ಳೇಕೆ?) ಧಾರವಾಡದಲ್ಲಿ ಓದಿ, ಪ್ರಬಂಧಸ್ಪರ್ಧೆಯಲ್ಲಿ ಬೆಳ್ಳಿಯ ಕುಂಕುಮ ಭರಣಿ ಗೆದ್ದವಳ ಹೊಟ್ಟೆಯಲ್ಲಿ ಇಂಥ ಮಗಳೇ?

ಎಪ್ಪತ್ತಾರನೇ ಇಸವಿಯ ಭಾದ್ರಪದದಲ್ಲಿ ಸಾಲಿಯ ಚನ್ನಬಸಯ್ಯ ಮಾಸ್ತರರು ಮನೆಯ ಕಟ್ಟೆಯ ಮೇಲೆಯೇ ಬಂದು ಕೂತು ಸುದ್ದಿ ಹೇಳಿದರು.

"ಹುಡುಗಿ ಶಾಣ್ಯಾ ಅದಾಳ್ರಿ ಬಾಯಾರ. ಖರೇ ಓದು ಅಂದ್ರ ಕಿಡಿಕಿ ನೋಡ್ತಾಳ. ದೀಪಾವಳಿ ಸೂಟಿ ಮುಗಿಯೂದ್ರಾಗ ಓದಾಕ ಬರಲಿಲ್ಲಂದ್ರ, ಮತ್ತ ಒಂದನೇ ಇಯತ್ತೆದಾಗ ಕೂಡ್ರಸಬೇಕಾಕ್ಕೈತಿ."

ಸುಲೋಚನೆಯ ಕಣ್ಣ ಮುಂದೆ ಇಡೀ ಭವಿಷ್ಯಕಾಲ ಕುಸಿದು ಬಿತ್ತು. ಈ ಲೆಕ್ಕದಲ್ಲಿ ಮಗಳು ಮೆಟ್ರಿಕ್ ಮುಟ್ಟುವಷ್ಟರಲ್ಲಿ ತನಗೆ ಷಷ್ಟ್ಯಬ್ದಿ!

"ಏನಾರ ಉಪಾಯ ಅದ ಏನ್ರಿ ಮಾಸ್ತರ?"

"ಒಂದ್ ಔಷಧ ಐತ್ರಿ. ಮಿಂಚುಮಲ್ಲ! ಚಿತ್ರದ ಪುಸ್ತಕ. ನನ್ನ ವರ್ಗದಾಗ ನಾಕು ಮಂದಿ ಅದನ್ನ ಓದೂ ಸಲುವಾಗೇ ಅಕ್ಷರ ಕಲತಾರ."

ಮಿಂಚುಮಲ್ಲನೆಂದರೆ ಹಗಲೆಲ್ಲ ಟಪಾಲು ಕಚೇರಿಯಲ್ಲಿ ಮುದ್ರೆ ಒತ್ತುವ ಗುಮಾಸ್ತ. ಗುಡುಗಿತೆಂದರೆ ಕೆಂಪು ಮುಖವಾಡ ಹಾಕಿಕೊಂಡು ಆಕಾಶಕ್ಕೆ ಹಾರುವ ಪರಾಕ್ರಮಿ. ಆರು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಹಾರಿ ಹಾರಿ ನೂರಾ ನಲವತ್ತು ಸಂಚಿಕೆ ದಾಟಿದ್ದ. ಸುಲೋಚನೆ ಅಂದೇ ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ಪುಸ್ತಕದಂಗಡಿಯ ರಸೂಲಸಾಬನನ್ನು ಕೇಳಿದಳು.

"ಎಲ್ಲಿಂದ ಶುರು ಮಾಡಬೇಕಪಾ ಇದನ್ನ?"

"ಎಲ್ಲಿಂದರ ಮಾಡ್ರಿ ಬಾಯಾರ. ಎಲ್ಲಾದ್ರಾಗೂ ಹೊಡದಾಟ ಐತಿ."

ಅವನು ಕೈಗೆ ಸಿಕ್ಕ ಹನ್ನೆರಡು ಹಳೆಯ ಸಂಚಿಕೆಗಳನ್ನು ಸುತ್ತಿ ಕೊಟ್ಟ. ಮಗುವಿಗೆ ಕೊಡುವ ಹಾಲನ್ನು ಮೊದಲು ತಾನು ಮುಟ್ಟಿ ನೋಡುವ ತಾಯಿ ಸುಲೋಚನೆ. ಅಡುಗೆಮನೆಯಲ್ಲಿ ಕೂತು ಅಲ್ಲಲ್ಲಿ ತಿರುವಿದಳು. ಸ್ವಲ್ಪ ಹೊತ್ತಿಗೇ ಗಂಡನನ್ನು ಕೂಗಿದಳು.

"ರೀ, ಇಲ್ಲಿ ನೋಡ್ರಿ! ಅರವತ್ತೊಂದನೇ ಸಂಚಿಕೆದಾಗ ಸತ್ತಾನ. ಹಾರ ಹಾಕ್ಯಾರ, ಊರೆಲ್ಲ ಅಳ್ಳಿಕ್ಕತ್ತದ. ಅರವತ್ತೆರಡರಾಗ ಆರಾಮ ಕೂತು ಚಹಾ ಕುಡೀಲಿಕ್ಕತ್ತಾನ!"

"ಚಹಾ ಕುಡದ್ರ ಏನಾತೀಗ?" ಎಂದ ಗಂಡ ಗೋವಿಂದ. ಅವನು ಕೃಷಿ ಖಾತೆಯವನು. ನಾಲ್ಕು ತಾಲೂಕಿನ ಲಿಂಬಿಗಿಡಗಳ ರೋಗ ನೋಡುತ್ತ ತಿರುಗುವವನಿಗೆ ಮನುಷ್ಯರ ಸಾವು ದೊಡ್ಡದಾಗಿ ಕಾಣುತ್ತಿರಲಿಲ್ಲ.

"ಏನಾತಂತ! ತೊಂಬತ್ತರಾಗ ಒಂದು ಕಣ್ಣಿಲ್ಲ. ನೂರಾ ಹದಿನೆಂಟರಾಗ ಎರಡೂ ಕಣ್ಣು ಅವ, ಆದ್ರ ಮುಖವಾಡದೊಳಗ ಇರಾಂವ ಇವನೇ ಅಲ್ಲ, ಬ್ಯಾರೆ ಯಾರೋ! ನಡುವಿನಿಂದ ಕೊಟ್ರ ಕೂಸಿನ ತಲಿ ಕೆಟ್ಟು, ಮುಂದ ಎಂದೂ ಅಕ್ಷರ ಮುಟ್ಟಲಿಕ್ಕಿಲ್ಲ. ಮೊದಲನೇ ಸಂಚಿಕೆ ಬೇಕು. ಅಲ್ಲೀತನಕ ಒಂದು ಹಾಳಿ ಸೈತ ಅಕಿ ಕಣ್ಣಿಗೆ ಬೀಳಬಾರದು."

ಬೀಳದಂತೆ ಇಡುವುದಾದರೂ ಎಲ್ಲಿ? ಸುಲೋಚನೆಗೆ ಹೊಳೆದ ಜಾಗ ಅದ್ಭುತವಾಗಿತ್ತು: ಉಪ್ಪಿನಕಾಯಿಯ ಗೂಡು. ಲಿಂಬಿಯ ಊರಾದ ಇಂಡಿಯಲ್ಲಿ ಆ ಗೂಡಿಗೆ ಗರ್ಭಗುಡಿಯ ಮರ್ಯಾದೆ. ಅಲ್ಲಿಯ ಭರಣಿಗಳನ್ನು ಮಿಂದು ಮಡಿಸೀರೆ ಉಟ್ಟ ಅತ್ತೆ ಜಾನಕಿಬಾಯಿಯವರ ಹೊರತು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಉಪ್ಪಿನಕಾಯಿಗೆ ಬೂಸಲು ಹತ್ತುವುದು ಆ ಮನೆಯ ಕಾನೂನು. ವೃಂದಾ ಮೂರನೇ ವರ್ಷಕ್ಕೇ ಒಮ್ಮೆ ಬೈಸಿಕೊಂಡು ಆ ಕಡೆಗೆ ಕೈ ಚಾಚುವುದನ್ನು ಬಿಟ್ಟಿದ್ದಳು. ಅತ್ತೆ ದೇವರ ಮುಂದೆ ಕೂತ ಹೊತ್ತು ನೋಡಿ ಸುಲೋಚನೆ ಹನ್ನೆರಡೂ ಸಂಚಿಕೆಗಳನ್ನು ಹಿಂದಿನ ಸಾಲಿನ ಭರಣಿಗಳ ಬೆನ್ನಿಗೆ ತುರುಕಿದಳು. ಅತ್ತೆಯ ಕಣ್ಣಿಗೆ ಬಿದ್ದರೂ ಭಯವಿರಲಿಲ್ಲ. ಅವರು ಪಂಢರಪುರದ ಕಡೆಯವರು. ಮಾತು ಕನ್ನಡವಾದರೂ ಓದು ಮರಾಠಿಯ ಬಾಳಬೋಧ ಅಕ್ಷರದ್ದು. ಕನ್ನಡ ಅಕ್ಷರ ಅವರಿಗೆ ಬರೀ ಜಿಲೇಬಿ.

ಆಮೇಲೆ ಶುರುವಾಯಿತು ಮೊದಲನೇ ಸಂಚಿಕೆಯ ಶೋಧ. ಗೋವಿಂದ ಗಿಡ ನೋಡಲು ಹೋದಲ್ಲೆಲ್ಲ ಮಿಂಚುಮಲ್ಲನನ್ನು ವಿಚಾರಿಸಬೇಕೆಂದು ಮನೆಯಿಂದ ಆಜ್ಞೆ ಹೊರಟಿತ್ತು. ಅವನೋ, ಊರಿಗೊಂದು ಸಿದ್ಧಾಂತ ಹೊತ್ತು ತರುತ್ತಿದ್ದ. ಸಿಂದಗಿಯ ಬಸ್ ಕಂಟ್ರೋಲರು, ಐವತ್ತರಿಂದ ಹಿಡಿಯಿರಿ, ಅದರಲ್ಲಿ ಹಿಂದಿನದೆಲ್ಲ ಮತ್ತೆ ಹೇಳುತ್ತಾರೆ ಎಂದಿದ್ದ. ಬಸವನ ಬಾಗೇವಾಡಿಯ ಟೇಲರ್ ಮಡಿವಾಳಪ್ಪನ ಪ್ರಕಾರ ಎಪ್ಪತ್ತೈದನೇ ಸಂಚಿಕೆಗಿಂತ ಮೊದಲಿನವು ನೋಡಲು ಯೋಗ್ಯವಲ್ಲ, ಯಾಕೆಂದರೆ ಮೊದಲಿನ ಚಿತ್ರಗಾರನಿಗೆ ಅಂಗಿಯ ತೋಳು ಬರೆಯಲು ಬರುತ್ತಿರಲಿಲ್ಲ. ಸುಲೋಚನೆ ಇದನ್ನೆಲ್ಲ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬರೆದು, ಯಾರು ಯಾವ ಸಂಚಿಕೆಯಲ್ಲಿ ಸತ್ತರು, ಎಷ್ಟು ಸಲ ಸತ್ತರು ಎಂಬುದಕ್ಕೆ ಕೆಂಪು ಶಾಯಿಯ ಗೆರೆ ಎಳೆದಳು. ಮಧ್ಯಾಹ್ನ ಅತ್ತೆ, ಮಗಳು ಒಳಕೋಣೆಯಲ್ಲಿ ಮಲಗಿದರೆ ಇವಳು ಪಡಸಾಲೆಯಲ್ಲಿ ಕೂತು ಮೊದಲನೇ ಸಂಚಿಕೆ ವಿಚಾರಿಸಿ ಊರೂರಿಗೆ ಪತ್ರ ಬರೆಯುವಳು, ಇಲ್ಲವೆ ರಸೂಲಸಾಬನ ಅಂಗಡಿಗೆ ನಡೆಯುವಳು. ಆದರೂ ಸಂಯಮದ ಹೆಣ್ಣು. ನೂರಾ ಹದಿನೆಂಟರ ಮುಖವಾಡದೊಳಗೆ ಯಾರಿದ್ದಾರೆಂದು ತಿಳಿಯಲು ಜೀವ ಹಾತೊರೆಯುತ್ತಿದ್ದರೂ, ಅಡುಗೆಮನೆಯ ಆ ಮೊದಲ ಪರೀಕ್ಷೆಯ ನಂತರ ಕ್ರಮ ತಪ್ಪಿ ಒಂದು ಪುಟವನ್ನೂ ಓದಲಿಲ್ಲ.

ದೀಪಾವಳಿ ಸೂಟಿ ಮುಗಿಯಲು ಮೂರೇ ದಿನ ಉಳಿದಾಗ ಗೋವಿಂದ ಮುದ್ದೇಬಿಹಾಳದಿಂದ ಧೂಳು ತುಂಬಿಕೊಂಡು ಬಂದು, ಚೀಲದಿಂದ ವೃತ್ತಪತ್ರಿಕೆಯ ಸುರುಳಿಯೊಂದನ್ನು ತೆಗೆದ.

"ತೊಗೋ, ನಿನ್ನ ಮೊದಲನೇದು. ಕಂಪೌಂಡರ್ ಪರಸಪ್ಪ ಟ್ರಂಕಿನಾಗ ಇಟ್ಟಿದ್ದ. ನಾಕು ದಿನದಾಗ ವಾಪಸ್ ಕೊಡಬೇಕು. ಅವನ ಐದು ಲಿಂಬಿಗಿಡಕ್ಕ ಫುಕಟ ಔಷಧ ಹೊಡದು ಬಂದೇನಿ, ಗೊತ್ತೇನು?"

ಮರುದಿನ ಬೆಳಿಗ್ಗೆ ವೃಂದಾಳಿಗೆ ಎಣ್ಣೆಸ್ನಾನವಾಯಿತು, ಹೊಸ ಲಂಗವಾಯಿತು. ಮಣೆಯ ಮೇಲೆ ಕೂಡಿಸಿ, ಸಂಚಿಕೆಯ ಮೂಲೆಗೆ ಕುಂಕುಮ ಹಚ್ಚಿ, ಸುಲೋಚನೆ ಮೊದಲ ಪುಟ ತೆರೆದಳು.

"ಗಾಬರಿ ಆಗಬ್ಯಾಡವ್ವಾ. ಒಂದೊಂದೇ ಅಕ್ಷರ ಕೂಡಿಸಿ..."

"ಅದೊಂದು ಭೀಕರ ರಾತ್ರಿ," ಎಂದು ಶುರು ಮಾಡಿದಳು ವೃಂದಾ. "ಟಪಾಲು ಗುಮಾಸ್ತ ಶ್ರೀನಿವಾಸನು ಛತ್ರಿ ಮರೆತು ಮನೆಯಿಂದ ಹೊರಟನು. ಅಯ್ಯೋ! ದುರ್ದೈವವೇ!" ಒತ್ತಕ್ಷರ ಎಡವಲಿಲ್ಲ. 'ಅಯ್ಯೋ' ಬಂದಲ್ಲಿ ಎದೆಯ ಮೇಲೆ ಕೈ ಸಹ ಇಟ್ಟುಕೊಂಡಳು.

ಸುಲೋಚನೆಗೆ ಕಣ್ಣೀರು ಉಕ್ಕಿತು. "ನೋಡಿದ್ರಾ! ನೋಡಿದ್ರಾ! ಮೊದಲಿಂದ ಶುರು ಮಾಡಿದ್ದರ ಗುಣಾ ಇದು! ನೀವೆಲ್ಲಾ ನಕ್ಕಿದ್ರಿ!"

ನಾಲ್ಕನೇ ಪುಟಕ್ಕೆ ವೃಂದಾ ಪುಸ್ತಕ ಮುಚ್ಚಿ ಆಕಳಿಸಿದಳು.

"ಇದು ಚೊಲೋ ಇಲ್ಲವ್ವಾ. ಅವಗ ಇನ್ನೂ ಹಾರಲಿಕ್ಕೇ ಬರಂಗಿಲ್ಲ."

"ಇನ್ನೂ ಅಂದ್ರ? ಮುಂದ ಹಾರ್ತಾನಂತ ನಿನಗ್ಯಾರು ಹೇಳಿದ್ರು?"

ಒಳಕೋಣೆಯಿಂದ ಜಾನಕಿಬಾಯಿ ಕೂಗಿದರು. "ವೃಂದೀ, ಆತೇನ ನಿಮ್ಮವ್ವನ ಪೂಜಿ? ಬಾ ಲಗೂ. ಆ ಕಳ್ಳ ಸ್ವಾಮಿ ಬಾವ್ಯಾಗ ಬಿದ್ದಾನ, ನಿನ್ನಿಯಿಂದ ಹಂಗೇ ಬಿಟ್ಟೇವಿ!"

ಸುಲೋಚನೆ ಒಳಗೆ ಓಡಿದಳು. ಅತ್ತೆಯ ಹಾಸಿಗೆಯ ಮೇಲೆ ಹನ್ನೆರಡೂ ಸಂಚಿಕೆಗಳು ಎಣ್ಣೆಯ ಕಲೆ, ಇಂಗಿನ ವಾಸನೆ ಸಮೇತ ಹರಡಿದ್ದವು.

"ಅತ್ಯಾ! ಇದು... ನೀವು... ಮಡಿಯಾಗ?"

"ಕಾಗದಕ್ಕ ಎಲ್ಲೀ ಮಡಿ ಮೈಲಿಗಿ?" ಎಂದು ಜಾನಕಿಬಾಯಿ ಶಾಸ್ತ್ರವನ್ನು ಅಲ್ಲೇ ತಿದ್ದುಪಡಿ ಮಾಡಿದರು. "ಉಪ್ಪಿನಕಾಯಿ ತಗೀಲಿಕ್ಕೆ ಹೋದ್ರ ಕೈಗೆ ಹತ್ತಿತು. ಊಟ ಆದ ಮ್ಯಾಲೆ ಚಿತ್ರ ನೋಡ್ದೆ. ಒಬ್ಬ ಸತ್ತು ಬಿದ್ದಾನ, ಮಂದಿ ಅಳ್ಳಿಕ್ಕತ್ತಾರ. ಯಾಕ ಸತ್ತಾಂತ ತಿಳೀಬೇಕಲ್ಲ? ನನಗ ನಿಮ್ಮ ಅಕ್ಷರ ಬರಂಗಿಲ್ಲ. ಇಕಿಗೆ ಓದು ಅಂದೆ. ಮೊದಲ ಎರಡು ದಿನ ತೊದಲಿದ್ಲು. ಲಗೂ ಓದಽ, ಅಂವ ಅಲ್ಲೇ ಸಾಯ್ಲಿಕ್ಕತ್ತಾನ ಅಂತ ನಾ ಬಾಯಿ ಮಾಡ್ದೆ. ಕಲತ್ಲು."

"ಆದ್ರ ನಡುವಿನಿಂದ ಹೆಂಗ ತಿಳೀತು? ಹಿಂದಿನದು ಗೊತ್ತಿಲ್ಲದ?"

"ಯಾಕವಾ, ಶ್ರಾವಣದಾಗ ಮಠದಾಗ ಪುರಾಣ ಹಚ್ಚತಾರ. ನಾ ಯಾವತ್ತಾರ ಮೊದಲನೇ ದಿನಾ ಹೋಗೇನೇನು? ಮನೀಕೆಲಸ ಮುಗದಾಗ ಹೋಗೋದು, ಸಿಕ್ಕ ಸಂದ್ಯಾಗ ತೂರಿ ಕೂಡೋದು, ಬಾಜೂದಾಕಿನ್ನ 'ಏನ ನಡದದವಾ' ಅಂತ ಕೇಳೋದು."

"ಇಲ್ಲಿ ಬಾಜೂಕ ಯಾರಿದ್ರು?"

"ಅಜ್ಜೀನೇ ಹೇಳಿದ್ಲು," ಎಂದಳು ವೃಂದಾ. "ಸತ್ತಾಂವ ಎದ್ದು ಬಂದಾನಂದ್ರ ಹಿಂದ ಯಾರೋ ವರಾ ಕೊಟ್ಟಿರಬೇಕಂತ. ಒಂದು ಕಣ್ಣು ಹೋಗಿದ್ದು ಶಾಪಂತ. ಎಲ್ಲಾ ಬರಾಬರಿ ಕೂಡ್ತವ್ವಾ!"

ಸೂಟಿ ಮುಗಿದು ಸಾಲಿ ತೆರೆದ ದಿನ ಬೆಳಿಗ್ಗೆ ಚನ್ನಬಸಯ್ಯ ಮಾಸ್ತರರು ಪಠ್ಯಪುಸ್ತಕದ ಯಾವುದೋ ನಡುವಿನ ಪುಟ ತೆಗೆದು ಕೊಟ್ಟರು. ವೃಂದಾ ಗಡಗಡ ಓದಿ ಎರಡನೇ ಇಯತ್ತೆಯಲ್ಲೇ ಗಟ್ಟಿಯಾಗಿ ಕೂತಳು. ಸುಲೋಚನೆ ಆ ದಿನ ಸಂತೋಷಕ್ಕೆ ಹೋಳಿಗೆ ಮಾಡಿದಳು. ಮಧ್ಯಾಹ್ನ, ಮೊರದಲ್ಲಿ ಅಕ್ಕಿ ಹರಡಿಕೊಂಡು (ಹಸನು ಮಾಡುವುದಕ್ಕೆ ಬೇರೆಲ್ಲೂ ಬೆಳಕಿಲ್ಲವೆಂಬಂತೆ) ಒಳಕೋಣೆಯ ಹೊಸ್ತಿಲಲ್ಲೇ ಕೂತಳು. ನೂರಾ ಹದಿನೆಂಟು ನಡೆದಿತ್ತು. ವೃಂದಾ ಓದಿದಳು, ಅಜ್ಜಿ ಹೂಂಗುಟ್ಟಿದರು. ಮುಖವಾಡ ಕೀಳಲು ಕೈ ಹೋಯಿತು, ಮುಖವಾಡ ಅರ್ಧ ಮೇಲೆದ್ದಿತು, ಪುಟ ಮುಗಿಯಿತು, ಸಂಚಿಕೆಯೂ ಮುಗಿಯಿತು.

ಸಂಜೆ ಗೋವಿಂದ ಟೂರಿಗೆ ಹೊರಟು ನಿಂತಾಗ, ಪರಸಪ್ಪನ ಮೊದಲನೇ ಸಂಚಿಕೆಯನ್ನು ಸುಲೋಚನೆ ಅವನ ಚೀಲಕ್ಕೆ ತುರುಕಿ, ಬಾಗಿಲ ತನಕ ಬಂದು, ದನಿ ತಗ್ಗಿಸಿದಳು.

"ರೀ, ಬರೂ ಮುಂದ ರಸೂಲಸಾಬನ ಅಂಗಡ್ಯಾಗ ನೂರಾ ಹತ್ತೊಂಬತ್ತು ಅದ ಏನು ನೋಡ್ರಿ."

"ಯಾರಿಗೆ?"

"ಯಾರಿಗಂದ್ರ? ವೃಂದಾಗ! ಕೂಸಿನ ಓದು ನಡುವ ನಿಲ್ಲಬಾರದು ನೋಡ್ರಿ, ಮನಸ್ಸಿನ ಮ್ಯಾಲೆ ಪರಿಣಾಮ ಆಗ್ತದ."

"ನನಗ್ಯಾಕ?" ಎಂದು ಒಳಗಿನಿಂದ ವೃಂದಾ ಕೂಗಿದಳು. "ಅದನ್ನ ಮುಂಜಾನೇನೇ ಮಾಸ್ತರು ಕೊಟ್ರು, ನಾ ಓದಿ ಮುಗಿಸೇನಿ. ಅಜ್ಜಿಗೂ ಕತಿ ಹೇಳೇನಿ!"